ದ್ವಿಚಕ್ರ ಸಾಧನೆ: ತರುಣ ಸೈಕಲ್ ಪಟುವಿನ ಮೊದಲ ವರ್ಷಗಳು

ಕನ್ನಡಿಗರು ಕುದುರೆಯನ್ನು ಏರುತ್ತಾರೆ, ಬಂಡಿಯನ್ನು ಹೂಡುತ್ತಾರೆ, ಮೋಟಾರನ್ನು ನಡೆಸುತ್ತಾರೆ, ಸೈಕಲ್ಲನ್ನಾದರೋ ತುಳಿಯುತ್ತಾರೆ. ಈ ಒಂದು ಕ್ರಿಯಾಪದದಲ್ಲಿಯೇ ಆ ವಾಹನದ ಸ್ವಭಾವವೆಲ್ಲ ಅಡಗಿದೆ. ಉಳಿದ ವಾಹನಗಳಲ್ಲಿ ಎತ್ತೋ ಕುದುರೆಯೋ ಎಣ್ಣೆಯೋ ದುಡಿಯುತ್ತದೆ. ಇಲ್ಲಿ ದುಡಿಯುವವನೂ ಪಯಣಿಗನೂ ಒಬ್ಬನೇ. ತುಳಿದಷ್ಟೇ ದಾರಿ, ಬೆವರಿದಷ್ಟೇ ವೇಗ. ಆದಕಾರಣವೇ ಹಾಲು ಮಾರುವವರು, ಅಂಚೆಯ ಜವಾನರು, ಕರಾವಳಿಯಲ್ಲಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ಹಳ್ಳಿಯ ಶಾಲೆಯ ಮಾಸ್ತರರು ಮೊದಲಾದ ದುಡಿಯುವ ಜನರೆಲ್ಲರಿಗೂ ಈ ವಾಹನ ಆಪ್ತಬಂಧುವಾಗಿ ಒದಗಿಬಂದಿತು. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚುವ ಯೋಜನೆಯನ್ನು ಕೈಗೊಂಡಾಗ, ದೂರದ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯ ಬಾಗಿಲು ಹತ್ತಿರವಾಯಿತು.

ಹೀಗೆ ಸೈಕಲ್ಲನ್ನು ಬದುಕಿಗೆ ಆಧಾರವೆಂದು ಒಪ್ಪಿಕೊಂಡಿರುವ ಸಮಾಜವು, ಸೈಕಲ್ ತುಳಿಯುವುದನ್ನೇ ಒಂದು ವೃತ್ತಿಯೆಂದು ಒಪ್ಪಿಕೊಳ್ಳಲು ಇನ್ನೂ ಹಿಂಜರಿಯುತ್ತದೆ. ಮಗನೋ ಮಗಳೋ ಮುಂಜಾನೆ ಐದಕ್ಕೆ ಎದ್ದು ನೂರು ಕಿಲೋಮೀಟರು ತುಳಿದು ಬಂದರೆ, "ಇದರಿಂದ ಹೊಟ್ಟೆ ತುಂಬೀತೆ?" ಎಂದು ಮನೆಯವರು ಕೇಳುವುದು ಸಹಜ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಗೆಂದು ಅದನ್ನೇ ಕೊನೆಯ ಮಾತೆಂದು ಹಿಡಿಯಲೂ ಆಗದು. ರಸ್ತೆ ಸೈಕಲ್ ಸ್ಪರ್ಧೆಯೆಂದರೆ ಏನು, ಅದರಲ್ಲಿ ತರುಣನೊಬ್ಬನು ವೃತ್ತಿಪರನಾಗುವುದು ಯಾವ ಮೆಟ್ಟಿಲುಗಳನ್ನು ಹತ್ತಿ, ಆ ಹಾದಿಯಲ್ಲಿ ಎದುರಾಗುವ ಕಷ್ಟಗಳೇನು, ಮಂಗಳೂರಿನಂಥ ಕರಾವಳಿಯ ನಗರದಲ್ಲಿ ಅಂಥ ಸಾಧಕನು ಬೆಳೆಯಲು ಅನುಕೂಲವಿದೆಯೇ ಎಂಬ ವಿಷಯಗಳನ್ನು ಅರಿತ ಮೇಲೆಯೇ ಉತ್ತರ ಹೇಳುವುದು ಉಚಿತ.

ಸ್ಪರ್ಧೆಯ ಹುಟ್ಟು

ರಸ್ತೆಯ ಮೇಲಿನ ದೂರದ ಸೈಕಲ್ ಪಂದ್ಯಗಳ ಚರಿತ್ರೆ 1869ರ ನವೆಂಬರ್ 7ರಂದು ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ರುವಾಂ ನಗರದವರೆಗೆ ನಡೆದ ಪಂದ್ಯದಿಂದ ಮೊದಲಾಗುತ್ತದೆ. ಸುಮಾರು 123 ಕಿ.ಮೀ. ದೂರವನ್ನು ಜೇಮ್ಸ್ ಮೂರ್ ಎಂಬಾತನು ಹತ್ತೂವರೆ ಗಂಟೆಗೂ ಮೀರಿದ ಅವಧಿಯಲ್ಲಿ ಕ್ರಮಿಸಿ ಗೆದ್ದನು. ಅಂದಿನ ಸೈಕಲ್ಲಿಗೆ ಸರಪಳಿಯಿರಲಿಲ್ಲ, ಗಾಳಿ ತುಂಬಿದ ಟಯರಿರಲಿಲ್ಲ; ಪೆಡಲುಗಳು ಮುಂದಿನ ಗಾಲಿಗೇ ಜೋಡಿಸಿರುತ್ತಿದ್ದವು. ಇಂದು ಅಷ್ಟೇ ದೂರವನ್ನು ನುರಿತ ಸವಾರರ ಗುಂಪು ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ.

1900ರಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ಪ್ಯಾರಿಸ್ಸಿನಲ್ಲಿ ಸ್ಥಾಪಿತವಾಯಿತು. ಅದರ ಕೇಂದ್ರ ಕಚೇರಿ ಈಗ ಸ್ವಿಟ್ಜರ್ಲೆಂಡಿನ ಏಗ್ಲ್ ಎಂಬ ಊರಿನಲ್ಲಿದೆ. 1903ರಲ್ಲಿ ಲೋತೋ ಎಂಬ ಕ್ರೀಡಾಪತ್ರಿಕೆಯು ತನ್ನ ಪ್ರಸಾರವನ್ನು ಹೆಚ್ಚಿಸಿಕೊಳ್ಳಲು 'ಟೂರ್ ದ ಫ್ರಾನ್ಸ್' ಎಂಬ ದೇಶಪರ್ಯಟನದ ಪಂದ್ಯವನ್ನು ಏರ್ಪಡಿಸಿತು. ಆರು ಹಂತಗಳಲ್ಲಿ 2,428 ಕಿ.ಮೀ. ದೂರ, ಹೊರಟವರು 60 ಮಂದಿ, ಮುಗಿಸಿದವರು 21 ಮಂದಿ. ಗೆದ್ದ ಮೋರಿಸ್ ಗಾರಾಂ ಬಾಲ್ಯದಲ್ಲಿ ಮನೆಗಳ ಹೊಗೆಗೂಡುಗಳನ್ನು ಗುಡಿಸಿ ಜೀವಿಸುತ್ತಿದ್ದವನು. ಆ ಪತ್ರಿಕೆ ಅಚ್ಚಾಗುತ್ತಿದ್ದ ಕಾಗದದ ಬಣ್ಣ ಹಳದಿ. 1919ರಿಂದ ಮುಂಚೂಣಿಯ ಸವಾರನಿಗೆ ತೊಡಿಸುವ ಅಂಗಿಯೂ ಅದೇ ಬಣ್ಣದ್ದಾಯಿತು. ಹೊಗೆಗೂಡು ಗುಡಿಸುವವರು, ಗಣಿಕಾರರು, ಒಕ್ಕಲುಮಕ್ಕಳು ಈ ಕ್ರೀಡೆಯ ಮೊದಲ ವೀರರೆಂಬುದು ಗಮನಿಸತಕ್ಕ ಸಂಗತಿ. ದೇಹಶ್ರಮವನ್ನು ಕೀಳೆಂದು ಬಗೆಯದ ಕುಲಗಳಿಂದಲೇ ಇದು ಬೆಳೆದು ಬಂದಿತು.

ಭಾರತಕ್ಕೂ ಇದು ತೀರ ಹೊಸತೇನಲ್ಲ. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿಯೇ ಭಾರತದ ಸೈಕಲ್ ಪಟುಗಳು ಪಾಲ್ಗೊಂಡಿದ್ದರು. ಖಂಡಾಲೆಯ ಘಟ್ಟವನ್ನೇರಿ ಸಾಗುವ ಮುಂಬಯಿ–ಪುಣೆ ಪಂದ್ಯವು ಅನೇಕ ದಶಕಗಳಿಂದ ಪ್ರಸಿದ್ಧವಾಗಿದೆ. ಕರ್ನಾಟಕದಲ್ಲಿಯಂತೂ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆಗಳು ಸೈಕಲ್ ಪಟುಗಳ ತವರೆನಿಸಿವೆ. ಬಯಲುಸೀಮೆಯ ನೇರ ರಸ್ತೆಗಳು, ಬಿಸಿಲಿಗೆ ಅಂಜದ ಮೈ, ಸರಕಾರದ ಕ್ರೀಡಾವಸತಿನಿಲಯ ಇವು ಮೂರೂ ಕೂಡಿದುದರ ಫಲವಾಗಿ ಆ ಭಾಗದ ರೈತರ ಮಕ್ಕಳು ರಾಜ್ಯದ ಹೆಸರಿನಲ್ಲಿ ಪದಕಗಳನ್ನು ತಂದಿದ್ದಾರೆ.

ಗಾಳಿಯೊಡನೆ ಹೋರಾಟ

ರಸ್ತೆಯ ಬದಿಯಲ್ಲಿ ನಿಂತು ನೋಡುವವನಿಗೆ ಸೈಕಲ್ ಪಂದ್ಯವೆಂದರೆ ಕ್ಷಣಮಾತ್ರದಲ್ಲಿ ಸುಯ್ಯೆಂದು ಸಾಗಿಹೋಗುವ ಬಣ್ಣದ ಗುಂಪು. ಅದರೊಳಗಿನ ಯುಕ್ತಿ ತಿಳಿಯಬೇಕಾದರೆ ಗಾಳಿಯ ಗುಣವನ್ನು ತಿಳಿಯಬೇಕು. ಸಮತಲದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ಹೋಗುವ ಸವಾರನ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗವು ಇಮ್ಮಡಿಯಾದರೆ ಗಾಳಿಯ ಪ್ರತಿರೋಧವು ನಾಲ್ಮಡಿಯಾಗುತ್ತದೆ. ಅದನ್ನು ಎದುರಿಸಲು ಬೇಕಾಗುವ ಶಕ್ತಿಯಾದರೋ ಎಂಟು ಮಡಿ. ಗಂಟೆಗೆ 20 ಕಿ.ಮೀ. ವೇಗದಿಂದ ಹಾಯಾಗಿ ಹೋಗುವವನು 40 ಕಿ.ಮೀ. ವೇಗಕ್ಕೆ ಬರುವಷ್ಟರಲ್ಲಿ ಏಕೆ ಏದುಸಿರು ಬಿಡುತ್ತಾನೆಂಬುದಕ್ಕೆ ಇದೇ ಕಾರಣ.

ಆದರೆ ಮುಂದೆ ಒಬ್ಬನು ಗಾಳಿಯನ್ನು ಸೀಳುತ್ತಿರಲು, ಅವನ ಹಿಂದಿನ ಗಾಲಿಗೆ ಗೇಣು ದೂರದಲ್ಲಿ ತನ್ನ ಗಾಲಿಯನ್ನಿರಿಸಿ ಸಾಗುವವನಿಗೆ ಶ್ರಮದ ಮೂರರಲ್ಲೊಂದು ಪಾಲಿನಷ್ಟು ಉಳಿತಾಯವಾಗಬಲ್ಲುದು. ದೊಡ್ಡ ಗುಂಪಿನ ನಡುವೆ ಇರುವವನಿಗೆ ಇನ್ನೂ ಹೆಚ್ಚು. ಹಾರುವ ಬೆಳ್ಳಕ್ಕಿಯ ಸಾಲು ಈ ರಹಸ್ಯವನ್ನು ಎಂದೋ ಅರಿತಿದೆ. ಪಂದ್ಯದ ಈ ಗುಂಪಿಗೆ ಫ್ರೆಂಚ್ ನುಡಿಯಲ್ಲಿ 'ಪೆಲೊಟನ್' ಎಂದು ಹೆಸರು. ಗೆಲ್ಲಬೇಕೆನ್ನುವವನು ಕೊನೆಯ ಗಳಿಗೆಯವರೆಗೂ ಅದರೊಳಗೆ ತನ್ನ ಶಕ್ತಿಯನ್ನು ಕಾಪಾಡಿಕೊಳ್ಳಬೇಕು. ಅವನಿಗಾಗಿ ಅವನ ತಂಡದ ಉಳಿದವರು ಸರದಿಯ ಮೇಲೆ ಗಾಳಿಗೆ ಎದೆಯೊಡ್ಡಬೇಕು. ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಅವನ ಟಯರು ಪಂಕ್ಚರಾದರೆ ತಮ್ಮ ಗಾಲಿಯನ್ನೇ ಬಿಚ್ಚಿಕೊಡುವುದು, ಹಿಂದುಳಿದರೆ ಕಾದುನಿಂತು ಗುಂಪಿಗೆ ಮುಟ್ಟಿಸುವುದು, ಇವೆಲ್ಲ ಅವರ ಕೆಲಸ. ಅಂಥವರನ್ನು ಫ್ರೆಂಚರು 'ದೊಮೆಸ್ತಿಕ್' ಎನ್ನುತ್ತಾರೆ. ಸೇವಕನೆಂದು ಆ ಪದದ ಅರ್ಥ. ಬಹುಮಾನದ ವೇದಿಕೆಯಲ್ಲಿ ನಿಲ್ಲುವವನು ಒಬ್ಬನೇ. ಆ ವೇದಿಕೆಯ ಕಲ್ಲುಗಳಾದವರು ಹಲವರು. ತನ್ನ ಶ್ರಮದ ಫಲವನ್ನು ಮತ್ತೊಬ್ಬರಿಗೆ ಅರ್ಪಿಸುವ ದಾಸೋಹದ ಭಾವವನ್ನು ಬಲ್ಲ ಸಮಾಜಕ್ಕೆ ಈ ವ್ಯವಸ್ಥೆ ಅಪರಿಚಿತವೆನಿಸಲಾರದು.

ಇದಕ್ಕೆ ಹೊರತಾದುದು 'ಟೈಮ್ ಟ್ರಯಲ್' ಎಂಬ ಕಾಲಸ್ಪರ್ಧೆ. ಇಲ್ಲಿ ಸವಾರರು ಒಬ್ಬೊಬ್ಬರಾಗಿ, ನಿಮಿಷದ ಲೆಕ್ಕದ ಅಂತರದಲ್ಲಿ ಹೊರಡುತ್ತಾರೆ. ಆಶ್ರಯಕ್ಕೆ ಗುಂಪಿಲ್ಲ, ನೆರವಿಗೆ ಗೆಳೆಯರಿಲ್ಲ. ಸವಾರನು, ಗಡಿಯಾರ, ಗಾಳಿ ಇವು ಮೂರೇ. ಆದುದರಿಂದ ಇದನ್ನು ಸತ್ಯದ ಪರೀಕ್ಷೆಯೆಂದು ಬಲ್ಲವರು ಕರೆಯುತ್ತಾರೆ. ಒಳ್ಳೆಯ ತಂಡಗಳಿಲ್ಲದ ದೇಶಗಳ ಪಟುಗಳು ತಮ್ಮ ಯೋಗ್ಯತೆಯನ್ನು ತೋರಲು ಇದೇ ಸುಲಭದ ದಾರಿ.

ಸೋಪಾನಕ್ರಮ

ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗನು ಮೊದಲ ದಿನವೇ ಅರ್ಜುನನ ವೇಷ ಕಟ್ಟುವುದಿಲ್ಲ. ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಕಲಿತು, ವರ್ಷಗಳ ಮೇಲೆ ಕಿರೀಟವೇಷಕ್ಕೆ ಬರುತ್ತಾನೆ. ಸೈಕಲ್ ಪಟುವಿಗೂ ಇಂಥದೇ ಕ್ರಮ. ಹದಿನೇಳು, ಹದಿನೆಂಟನೆಯ ವಯಸ್ಸಿನವರು ಕಿರಿಯರ ವಿಭಾಗ; ಹತ್ತೊಂಬತ್ತರಿಂದ ಇಪ್ಪತ್ತೆರಡರವರೆಗೆ ಇಪ್ಪತ್ಮೂರರೊಳಗಿನವರ ವಿಭಾಗ; ಆಮೇಲೆ ಹಿರಿಯರ ವಿಭಾಗ. ಭಾರತದಲ್ಲಿ ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮಟ್ಟದ ಸ್ಪರ್ಧೆಗಳನ್ನು ದಾಟಿದವನು ರಾಷ್ಟ್ರೀಯ ತಂಡದ ಕಣ್ಣಿಗೆ ಬೀಳುತ್ತಾನೆ.

ವೃತ್ತಿಪರ ತಂಡಗಳಲ್ಲಿ ಮೂರು ತರಗತಿಗಳುಂಟು. ಮೇಲಿನದು 'ವರ್ಲ್ಡ್ ಟೂರ್'. ಅದರಲ್ಲಿರುವುದು ಹದಿನೆಂಟರಷ್ಟು ತಂಡಗಳು ಮಾತ್ರ. ಅದರ ಕೆಳಗೆ 'ಪ್ರೊ ಟೀಮ್'. ಮೂರನೆಯದು 'ಕಾಂಟಿನೆಂಟಲ್', ಎಂದರೆ ಭೂಖಂಡ ಮಟ್ಟದ ತಂಡಗಳು. ಮೊದಲ ಎರಡು ತರಗತಿಗಳ ಸವಾರರಿಗೆ ಕನಿಷ್ಠ ವೇತನವನ್ನು ಅಂತರರಾಷ್ಟ್ರೀಯ ಒಕ್ಕೂಟವು ಗೊತ್ತುಪಡಿಸಿದೆ. ಮೂರನೆಯದಕ್ಕೆ ಅಂಥ ರಕ್ಷಣೆಯಿಲ್ಲ. ಅಲ್ಲಿ ಕೆಲವರಿಗೆ ಸಂಬಳವುಂಟು. ಕೆಲವರಿಗೆ ಸೈಕಲ್ಲು, ಉಡುಪು, ಪ್ರಯಾಣದ ವೆಚ್ಚ ಇಷ್ಟೇ. 'ವೃತ್ತಿಪರ' ಎಂಬ ಪದವು ಎಲ್ಲರಿಗೂ ಒಂದೇ ಆಗಿದ್ದರೂ, ಅದರ ಹಿಂದಿನ ಅನ್ನ ಒಂದೇ ಅಲ್ಲ. ಮಕ್ಕಳನ್ನು ಈ ದಾರಿಗೆ ಕಳುಹಿಸುವ ತಂದೆತಾಯಿಗಳು ಇದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಬೆಂಗಳೂರಿನ ನವೀನ್ ಜಾನ್

ಕರ್ನಾಟಕದ ಮಟ್ಟಿಗೆ ಈ ದಾರಿಯನ್ನು ತುಳಿದು ತೋರಿಸಿದವರಲ್ಲಿ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡ ನವೀನ್ ಜಾನ್ ಅವರ ಹೆಸರು ಮುಖ್ಯವಾದುದು. ಅವರ ಆರಂಭದ ಕಥೆ ವಿದ್ಯಾರ್ಥಿಗಳಿಗೆ ಬೋಧಪ್ರದವಾಗಿದೆ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಅವರು ಅಮೆರಿಕದ ಇಂಡಿಯಾನಾ ಪ್ರಾಂತದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರು ಕ್ರೀಡಾಪಟುವಾಗಿರಲಿಲ್ಲ. ದೇಹದ ತೂಕ ಮಿತಿಮೀರಿ ಬೆಳೆದಿತ್ತು. ಅದನ್ನು ಇಳಿಸಬೇಕೆಂಬ ಹಟದಿಂದ ಹಿಡಿದ ಸೈಕಲ್ಲು, ವಿಶ್ವವಿದ್ಯಾಲಯದ ಸೈಕಲ್ ಸಂಘಕ್ಕೂ ಅಲ್ಲಿಂದ ಕಾಲೇಜುಗಳ ನಡುವಣ ಪಂದ್ಯಗಳಿಗೂ ಅವರನ್ನು ಕರೆದೊಯ್ದಿತು. ಪದಕದ ಆಸೆಯಿಂದ ಹಿಡಿದುದಲ್ಲ. ಆರೋಗ್ಯಕ್ಕಾಗಿ ಹಿಡಿದುದು ಸಾಧನೆಯಾಗಿ ಪರಿಣಮಿಸಿತು.

ಭಾರತಕ್ಕೆ ಮರಳಿದ ಮೇಲೆ ಬೆಂಗಳೂರಿನಲ್ಲಿ ಹವ್ಯಾಸಿಗಳೇ ಕೂಡಿ ನಡೆಸುವ ಪಂದ್ಯಗಳು ಅವರಿಗೆ ಕಣವಾದವು. ನಗರದ ಹೊರವಲಯದ ರಸ್ತೆಗಳಲ್ಲಿ, ವಾಹನಗಳ ಸಂಚಾರ ಮೊದಲಾಗುವುದಕ್ಕೆ ಮುನ್ನ, ಬೆಳಗಿನ ಜಾವದಲ್ಲಿ ನಡೆಯುವ ಪಂದ್ಯಗಳವು. 2014ರಲ್ಲಿ ಅವರು ಕಾಲಸ್ಪರ್ಧೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಸಾಮಾನ್ಯವಾಗಿ ಅಂಥ ಗೆಲವಿನ ಮೇಲೆ ನೌಕರಿಯನ್ನೋ ಸನ್ಮಾನವನ್ನೋ ಪಡೆದು ತೃಪ್ತರಾಗುವವರೇ ಹೆಚ್ಚು. ಅವರಾದರೋ ಬೆಲ್ಜಿಯಮ್ ದೇಶಕ್ಕೆ ಹೋಗಿ ಅಲ್ಲಿಯ ಊರಹಬ್ಬದ ಪಂದ್ಯಗಳಲ್ಲಿ ಪಾಲ್ಗೊಂಡರು. 'ಕೆರ್ಮೆಸ್' ಎಂದು ಅವಕ್ಕೆ ಹೆಸರು. ಹಳ್ಳಿಯೊಂದರ ಇಕ್ಕಟ್ಟಾದ ಬೀದಿಗಳಲ್ಲಿ ಹಲವಾರು ಸುತ್ತು, ಪ್ರತಿ ತಿರುವಿನಲ್ಲಿಯೂ ನಿಧಾನಿಸಿ ಮತ್ತೆ ಚಿಮ್ಮುವ ಓಟ, ಮಳೆ, ಅಡ್ಡಗಾಳಿ. ಭಾರತದ ಚಾಂಪಿಯನ್ ಎನಿಸಿದವನು ಅಲ್ಲಿ ಕೇವಲ ಪಂದ್ಯ ಮುಗಿಸುವುದಕ್ಕೇ ಹೆಣಗಬೇಕಾಗುತ್ತದೆ. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳುವ ಧೈರ್ಯ ಅದು. ಊರಿನ ಕುಸ್ತಿಯಲ್ಲಿ ಗೆದ್ದ ಪೈಲವಾನನು ದೊಡ್ಡ ಗರಡಿಗೆ ಹೋಗಿ ಮೊದಲು ಮಣ್ಣು ಮುಕ್ಕುವುದನ್ನೇ ವಿದ್ಯೆಯೆಂದು ತಿಳಿಯುವಂತೆ ಅದು.

2016ರಲ್ಲಿ ಆಸ್ಟ್ರೇಲಿಯದ 'ಸ್ಟೇಟ್ ಆಫ್ ಮ್ಯಾಟರ್ ಮಾಪ್' ಎಂಬ ಕಾಂಟಿನೆಂಟಲ್ ತಂಡವು ಅವರನ್ನು ಸೇರಿಸಿಕೊಂಡಿತು. ಆ ದರ್ಜೆಯ ತಂಡವನ್ನು ಸೇರಿದ ಮೊದಲ ಭಾರತೀಯರೆಂಬ ಕೀರ್ತಿ ಅವರದಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕತಾರ್ ದೇಶದ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಸುಮಾರು 40 ಕಿ.ಮೀ. ಕಾಲಸ್ಪರ್ಧೆಯಲ್ಲಿ ಅವರು ಭಾರತದ ಉಡುಪು ತೊಟ್ಟು ಹೊರಟರು. ಆ ದಿನ ಗೆದ್ದವನು ಜರ್ಮನಿಯ ಟೋನಿ ಮಾರ್ಟಿನ್. ಮರುಭೂಮಿಯ ಬಿಸಿಗಾಳಿಯಲ್ಲಿ ನಲವತ್ತೈದು ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಅವನು ಆ ದೂರವನ್ನು ಮುಗಿಸಿದನು. ಅಂಥವರೊಡನೆ ಒಂದೇ ಪಟ್ಟಿಯಲ್ಲಿ ಭಾರತೀಯನ ಹೆಸರು ಬಂದುದೇ ಒಂದು ಘಟನೆ.

ಆದರೆ ಈ ಕಥೆಯಲ್ಲಿ ಅಡಗಿರುವ ಒಂದು ಕೊರತೆಯನ್ನು ಮರೆಯಬಾರದು. ಅವರು ವೃತ್ತಿಪರ ತಂಡವನ್ನು ಸೇರುವಾಗ ವಯಸ್ಸು ಮೂವತ್ತರ ಆಸುಪಾಸು. ಯುರೋಪಿನ ಹುಡುಗನೊಬ್ಬನು ಹತ್ತು ಹನ್ನೆರಡು ವರ್ಷ ಪಂದ್ಯಗಳಲ್ಲಿ ಪಳಗಿ ಮಾಗುವ ವಯಸ್ಸು ಅದು. ಅವರ ಶಕ್ತಿಯಲ್ಲಿ ಕೊರತೆಯಿರಲಿಲ್ಲ. ಶಾಲೆಯ ದಿನಗಳಲ್ಲಿ ಆ ಶಕ್ತಿಯನ್ನು ಕಂಡು ಹೇಳುವವರಿರಲಿಲ್ಲ.

ಅಸ್ಮಾರಾದ ಬಿನಿಯಂ ಗಿರ್ಮಾಯ್

ಇದಕ್ಕೆ ಎದುರಾಗಿ ಇನ್ನೊಂದು ಬದುಕನ್ನು ಇಟ್ಟು ನೋಡಬಹುದು. ಆಫ್ರಿಕದ ಎರಿಟ್ರಿಯಾ ಬಡದೇಶ. ಅದರ ರಾಜಧಾನಿ ಅಸ್ಮಾರಾ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ಇಟಲಿಯವರ ಆಳ್ವಿಕೆಯ ಕಾಲದಲ್ಲಿ ಬಂದ ಸೈಕಲ್ಲು ಅಲ್ಲಿಯ ಜನರ ಪಂಚಪ್ರಾಣವಾಗಿಬಿಟ್ಟಿದೆ. ಬಡಗಿಯೊಬ್ಬರ ಮಗನಾಗಿ 2000ದ ಏಪ್ರಿಲ್ 2ರಂದು ಅಲ್ಲಿ ಹುಟ್ಟಿದ ಬಿನಿಯಂ ಗಿರ್ಮಾಯ್, 2018ರಲ್ಲಿ ಕಿರಿಯರ ವಿಭಾಗದಲ್ಲಿರುವಾಗಲೇ ಏಗ್ಲ್ ನಗರದ ವಿಶ್ವ ಸೈಕ್ಲಿಂಗ್ ಕೇಂದ್ರಕ್ಕೆ ಶಿಕ್ಷಣಕ್ಕಾಗಿ ಆಯ್ಕೆಯಾದನು. ಸೈಕಲ್ ಸಂಪ್ರದಾಯವಿಲ್ಲದ ಅಥವಾ ಅನುಕೂಲವಿಲ್ಲದ ದೇಶಗಳ ಮಕ್ಕಳಿಗೆ ವಸತಿ, ಊಟ, ಗುರು, ಪಂದ್ಯ ಎಲ್ಲವನ್ನೂ ಒದಗಿಸುವ ಕೇಂದ್ರವದು.

2020ರಲ್ಲಿ ಫ್ರಾನ್ಸಿನ ತಂಡವೊಂದರಲ್ಲಿ ಅವನು ವೃತ್ತಿಪರನಾದನು. ಮರುವರ್ಷವೇ ಆ ತಂಡವು ಹಣಕಾಸಿನ ತೊಂದರೆಗೆ ಸಿಕ್ಕಿ ಕುಸಿಯಿತು. ಹುಡುಗನು ನಡುವರ್ಷದಲ್ಲಿ ಬೆಲ್ಜಿಯಮ್ಮಿನ ಇನ್ನೊಂದು ತಂಡವನ್ನು ಸೇರಬೇಕಾಯಿತು. 2021ರಲ್ಲಿ ಇಪ್ಪತ್ಮೂರರೊಳಗಿನವರ ವಿಶ್ವಸ್ಪರ್ಧೆಯಲ್ಲಿ ಬೆಳ್ಳಿಯ ಪದಕ. 2022ರ ಮಾರ್ಚ್ 27ರಂದು ಬೆಲ್ಜಿಯಮ್ಮಿನ ಪ್ರಸಿದ್ಧವಾದ ಗೆಂಟ್–ವೆವೆಲ್ಗೆಮ್ ಪಂದ್ಯವನ್ನು ಗೆದ್ದು, ಆ ಬಗೆಯ ಮಹಾಪಂದ್ಯವನ್ನು ಗೆದ್ದ ಮೊದಲ ಕಪ್ಪು ಆಫ್ರಿಕನ್ ಎನಿಸಿದನು. ಮುಂದಿನ ವಾರದ ಇನ್ನೂ ದೊಡ್ಡ ಪಂದ್ಯಕ್ಕೆ ನಿಲ್ಲೆಂದು ಎಲ್ಲರೂ ಬಯಸಿದರೂ, ಮೊದಲೇ ನಿಶ್ಚಯಿಸಿಕೊಂಡಿದ್ದಂತೆ ತಿಂಗಳುಗಟ್ಟಲೆ ಅಗಲಿದ್ದ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕಾಣಲು ಅಸ್ಮಾರಾಕ್ಕೆ ಹೊರಟುಹೋದನು. ಅದೇ ಮೇ ತಿಂಗಳಲ್ಲಿ ಇಟಲಿಯ ಪರ್ಯಟನ ಪಂದ್ಯದ ಒಂದು ಹಂತವನ್ನು ಗೆದ್ದು ವೇದಿಕೆಯ ಮೇಲೆ ಬಾಟಲಿ ತೆರೆಯುವಾಗ ಅದರ ಬಿರಡೆ ಕಣ್ಣಿಗೆ ಸಿಡಿದು, ಪಂದ್ಯವನ್ನೇ ಬಿಡಬೇಕಾಯಿತು. ಗೆಲವಿನ ಗಳಿಗೆಯಲ್ಲಿಯೇ ವಿಧಿಯು ಹೀಗೆ ಪರಿಹಾಸ ಮಾಡಿದರೂ ಅವನು ಎದೆಗುಂದಲಿಲ್ಲ. 2024ರ ಟೂರ್ ದ ಫ್ರಾನ್ಸಿನಲ್ಲಿ ಮೂರು ಹಂತಗಳನ್ನು ಗೆದ್ದು, ಅಂಕಗಳ ಲೆಕ್ಕದಲ್ಲಿ ಮೊದಲಿಗನಿಗೆ ಸಲ್ಲುವ ಹಸಿರು ಅಂಗಿಯನ್ನು ಧರಿಸಿದನು.

ಎರಡು ಬದುಕುಗಳನ್ನೂ ಹೋಲಿಸಿ ನೋಡಿದರೆ ತಾತ್ಪರ್ಯ ಸ್ಪಷ್ಟವಾಗುತ್ತದೆ. ಬಡತನವು ಗಿರ್ಮಾಯ್‌ಗೆ ಅಡ್ಡಿಯಾಗಲಿಲ್ಲ. ಸಕಾಲದಲ್ಲಿ ಅವನನ್ನು ಗುರುತಿಸಿದ ಕಣ್ಣುಗಳಿದ್ದವು, ಉಣಿಸಿದ ಕೈಗಳಿದ್ದವು.

ಕಡಲು ಘಟ್ಟಗಳ ನಡುವಣ ಮಂಗಳೂರು

ಇನ್ನು ಮಂಗಳೂರಿನ ವಿಚಾರ. ಸೈಕಲ್ ಸಾಧಕನಿಗೆ ಈ ನಗರವು ಪ್ರಕೃತಿಯೇ ಕಟ್ಟಿಕೊಟ್ಟ ಪಾಠಶಾಲೆಯಾಗಿದೆ. ಸುರತ್ಕಲ್, ಮೂಲ್ಕಿಗಳ ಕಡೆಗೆ ಸಾಗುವ ಹೆದ್ದಾರಿ ಹೆಚ್ಚಿನ ಏರಿಳಿತವಿಲ್ಲದ್ದು. ವೇಗವನ್ನು ಒಂದೇ ಸಮನೆ ಕಾಪಾಡುವ ಅಭ್ಯಾಸಕ್ಕೆ ತಕ್ಕುದು. ಕಡಲಿನಿಂದ ಬೀಸುವ ಅಡ್ಡಗಾಳಿಯಲ್ಲಿ ಓರೆಸಾಲು ಕಟ್ಟಿ ಸಾಗುವ ಯುಕ್ತಿಯನ್ನು ಅಲ್ಲಿ ಕಲಿಯಬಹುದು. ನಗರದೊಳಗೆ ಕದ್ರಿ, ಬಿಜೈಗಳ ದಿಣ್ಣೆಗಳಿವೆ. ಚಿಕ್ಕದಾದರೂ ಕಡಿದಾದ ಏರುಗಳನ್ನು ಹತ್ತಿಳಿಯುವ ಪಾಠ ಅಲ್ಲಿ ದೊರೆಯುತ್ತದೆ. ಬಂಟ್ವಾಳ, ಬೆಳ್ತಂಗಡಿ, ಉಜಿರೆಗಳನ್ನು ದಾಟಿದರೆ ಚಾರ್ಮಾಡಿಯ ಘಟ್ಟ. ಉಪ್ಪಿನಂಗಡಿಯ ಮೇಲೆ ಹೋದರೆ ಶಿರಾಡಿ. ಕಾರ್ಕಳ, ಹೆಬ್ರಿಗಳ ಮಾರ್ಗವಾಗಿ ಹೋದರೆ ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ. ಸಮುದ್ರಮಟ್ಟದಲ್ಲಿ ಹೊರಟು ಅದೇ ದಿನ ಮಲೆನಾಡಿನ ಮೇಲಕ್ಕೇರಿ ಸಂಜೆಯೊಳಗೆ ಮನೆ ಸೇರುವ ಅನುಕೂಲ ಭಾರತದ ಕೆಲವೇ ನಗರಗಳಿಗಿದೆ.

ಅನುಕೂಲಗಳಿರುವಂತೆ ಪ್ರತಿಕೂಲಗಳೂ ಇವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಅದರ ಬಹುಪಾಲು ಜೂನಿನಿಂದ ಸಪ್ಟೆಂಬರಿನ ಒಳಗೆ. ಗುಂಡಿಗಳು ನೀರಿನಡಿ ಅಡಗುತ್ತವೆ. ಕೆಂಪುಮಣ್ಣು ರಸ್ತೆಗೆ ಹರಿದು ಜಾರಿಕೆಯಾಗುತ್ತದೆ. ಸರಪಳಿಗೆ ತುಕ್ಕು ಹಿಡಿಯುತ್ತದೆ. ಬಂದರಿಗೆ ಹೋಗಿಬರುವ ಟ್ಯಾಂಕರುಗಳು, ಸಮಯಕ್ಕೆ ಓಡುವ ಬಸ್ಸುಗಳು, ಇಕ್ಕಟ್ಟಾದ ರಸ್ತೆಯಂಚು. ಬೇಸಿಗೆಯಲ್ಲಿ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ. ಮೈಯ ಕಾವು ಇಳಿಯದೆ ಬಳಲಿಕೆ ಬೇಗ ಆವರಿಸುತ್ತದೆ. ಆದುದರಿಂದ ಇಲ್ಲಿಯ ಸಾಧಕನು ಬೆಳಗು ಹರಿಯುವ ವೇಳೆಗೆ ಹೊರಟು ಬಿಸಿಲೇರುವ ಮುನ್ನ ಹಿಂತಿರುಗಬೇಕು. ಮಳೆಗಾಲದಲ್ಲಿ ಮನೆಯೊಳಗೆ ಸೈಕಲ್ಲನ್ನು ನಿಲ್ಲಿಸಿ ತುಳಿಯುವ ಉರುಳೆಯಂತ್ರದ ಮೇಲೆ ಅಭ್ಯಾಸ ನಡೆಸಬೇಕು.

ನಗರದಲ್ಲಿ ಹವ್ಯಾಸಿ ಸವಾರರ ಸಂಘಗಳಿವೆ. ರವಿವಾರದ ಬೆಳಗಿನಲ್ಲಿ ವೈದ್ಯರು, ವಕೀಲರು, ಬ್ಯಾಂಕಿನವರು, ವಿದ್ಯಾರ್ಥಿಗಳು ಒಟ್ಟಾಗಿ ಹೊರಡುವುದು ಈಗ ಸಾಮಾನ್ಯ ದೃಶ್ಯ. ಇವರಲ್ಲಿ ಹಲವರು 'ಬ್ರೆವೆ' ಎಂಬ ದೂರದ ಸವಾರಿಗಳನ್ನು ಕೈಗೊಳ್ಳುತ್ತಾರೆ. 200, 300, 400, 600 ಕಿ.ಮೀ. ಎಂದು ಅವಕ್ಕೆ ಮಜಲುಗಳು, 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆಯ ಅವಧಿ. ಅದರಲ್ಲಿ ಮೊದಲಿಗ ಕೊನೆಯವ ಎಂಬ ಭೇದವಿಲ್ಲ. ನಿಗದಿಯಾದ ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಇದನ್ನು ಪಂದ್ಯವೆಂದು ಭ್ರಮಿಸಬಾರದು. ಆದರೂ ತಾಳ್ಮೆಯನ್ನೂ ರಸ್ತೆಯ ಶಿಸ್ತನ್ನೂ ಕಲಿಸುವ ಇಂಥ ಸಂಘಗಳ ಆಶ್ರಯದಲ್ಲಿಯೇ ಎಳೆಯರು ಮೊದಲ ಹೆಜ್ಜೆಯನ್ನಿಡುವುದು ಕ್ಷೇಮ.

ದೇಹ, ಆಹಾರ, ವಿಶ್ರಾಂತಿ

ವೃತ್ತಿಪರನಾದವನು ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಗಂಟೆ ತುಳಿಯುತ್ತಾನೆ. ವರ್ಷಕ್ಕೆ 25ರಿಂದ 30 ಸಾವಿರ ಕಿ.ಮೀ. ದೂರ ಸಾಗುತ್ತಾನೆ. ಪೆಡಲಿಗೆ ಜೋಡಿಸಿದ ಮಾಪಕವು ಅವನ ಶಕ್ತಿಯನ್ನು ವ್ಯಾಟುಗಳಲ್ಲಿ ಅಳೆದು ತೋರಿಸುತ್ತದೆ. ದೊಡ್ಡ ಪಂದ್ಯಗಳ ಗಿರಿವೀರರು ದೇಹದ ಒಂದೊಂದು ಕಿಲೋಗ್ರಾಮಿಗೆ ಆರು ವ್ಯಾಟಿನಷ್ಟು ಶಕ್ತಿಯನ್ನು ಅರ್ಧ ಗಂಟೆಯವರೆಗೆ ಹೊಮ್ಮಿಸಬಲ್ಲರು. ಒಳ್ಳೆಯ ಹವ್ಯಾಸಿಗೆ ಇದರ ಅರೆಪಾಲು ಮುಟ್ಟುವುದೇ ಸಾಧನೆ. ಸೈಕಲ್ಲಾದರೂ ಪಂದ್ಯದಲ್ಲಿ 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂದು ನಿಯಮವಿದೆ. ಯಂತ್ರವನ್ನು ಹಗುರಗೊಳಿಸುವುದಕ್ಕೆ ಮಿತಿಯುಂಟು. ಮೈಯನ್ನು ಹದಗೊಳಿಸುವುದಕ್ಕೆ ಮಾತ್ರ ಮಿತಿಯಿಲ್ಲ.

ಎಳೆಯರು ಭಾರವಾದ ಗೇರಿನಲ್ಲಿ ಒತ್ತಿ ತುಳಿಯುವುದು ಮೊಣಕಾಲಿಗೆ ಅಪಾಯ. ಹಗುರವಾದ ಗೇರಿನಲ್ಲಿ ನಿಮಿಷಕ್ಕೆ ತೊಂಬತ್ತು ಸುತ್ತಿನಂತೆ ಲಯಬದ್ಧವಾಗಿ ತುಳಿಯುವುದೇ ಮೊದಲ ಪಾಠ. ಸಂಗೀತದಲ್ಲಿ ಸರಳೆವರಸೆಯಿದ್ದಂತೆ ಇದು. ದೀರ್ಘ ಸವಾರಿಯಲ್ಲಿ ಗಂಟೆಗೆ ಅರುವತ್ತು ಗ್ರಾಮಿನಷ್ಟಾದರೂ ಪಿಷ್ಟ ಸಕ್ಕರೆಗಳ ಅಂಶ ಹೊಟ್ಟೆಗೆ ಸೇರಬೇಕು. ಬಾಳೆಹಣ್ಣು, ಬೆಲ್ಲ, ಶೇಂಗಾ ಉಂಡೆ, ಉಪ್ಪು ಬೆರೆಸಿದ ನಿಂಬೆಯ ಪಾನಕ ಇವು ಪೇಟೆಯ ಬೆಲೆಬಾಳುವ ಪೊಟ್ಟಣಗಳಿಗೆ ಸರಿದೂಗುವ ಆಹಾರಗಳೇ. ಮನೆಗೆ ಬಂದ ಮೇಲೆ ಗಂಜಿ, ಕಾಳು, ಹಾಲು, ರಾಗಿ. ಎಲ್ಲಕ್ಕಿಂತ ಮಿಗಿಲಾದುದು ನಿದ್ರೆ. ತುಳಿಯುವಾಗ ದಣಿಯುವ ಸ್ನಾಯು ಮಲಗಿದಾಗ ಬಲಿಯುತ್ತದೆ.

ಅಪಾಯ ಮತ್ತು ಆಮಿಷ

ಈ ದಾರಿಯಲ್ಲಿ ಎರಡು ಕಂಟಕಗಳಿವೆ. ಮೊದಲನೆಯದು ಅಪಘಾತ. 2003ರ ಮಾರ್ಚಿನಲ್ಲಿ ಫ್ರಾನ್ಸಿನ ಪಂದ್ಯವೊಂದರಲ್ಲಿ ಕಜಾಕಸ್ತಾನದ ಆಂಡ್ರೆ ಕಿವಿಲೇವ್ ಬಿದ್ದು ತಲೆಗೆ ಪೆಟ್ಟಾಗಿ ಅಸುನೀಗಿದ ಬಳಿಕವೇ ವೃತ್ತಿಪರ ಪಂದ್ಯಗಳಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಒಂದು ಪ್ರಾಣ ಹೋದ ಮೇಲೆ ಹುಟ್ಟಿದ ಆ ನಿಯಮವನ್ನು ಶಾಲೆಯ ಮಕ್ಕಳು ಮೊದಲ ದಿನದಿಂದಲೇ ಪಾಲಿಸಬೇಕು. ಎರಡನೆಯದು ಮದ್ದಿನ ಆಮಿಷ. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಏಳು ಬಾರಿ ಪಡೆದ ಟೂರ್ ದ ಫ್ರಾನ್ಸ್ ಪ್ರಶಸ್ತಿಗಳೆಲ್ಲವನ್ನೂ 2012ರಲ್ಲಿ ಕಸಿದುಕೊಳ್ಳಲಾಯಿತು. ಏಳು ವರ್ಷ ಕಟ್ಟಿದುದು ಒಂದೇ ದಿನದಲ್ಲಿ ಬಿದ್ದುಹೋಯಿತು. ಶ್ರಮವಿಲ್ಲದೆ ಬಂದುದು ನಿಲ್ಲುವುದಿಲ್ಲವೆಂಬ ಶರಣರ ಕಾಯಕತತ್ತ್ವಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಆಧುನಿಕ ಕ್ರೀಡೆಯಲ್ಲಿ ದೊರೆಯುವುದು ವಿರಳ.

ಶಾಲೆಯ ಹೊಣೆ

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಸೈಕಲ್ ತುಳಿದು ಹೊಟ್ಟೆ ತುಂಬೀತೆ? ಮೇಲಿನ ದರ್ಜೆಯ ತಂಡವನ್ನು ಮುಟ್ಟುವವರು ಅತಿ ವಿರಳ. ರೈಲ್ವೆ, ಸೈನ್ಯ ಮೊದಲಾದ ಸಂಸ್ಥೆಗಳು ರಾಷ್ಟ್ರಮಟ್ಟದ ಪಟುಗಳಿಗೆ ನೌಕರಿ ಕೊಡುವುದುಂಟು. ಗುರುವಾಗಿ, ಯಂತ್ರ ಸರಿಪಡಿಸುವವರಾಗಿ, ಪಂದ್ಯಗಳ ವ್ಯವಸ್ಥಾಪಕರಾಗಿ ಬದುಕಿಕೊಂಡವರೂ ಇದ್ದಾರೆ. ಆದರೂ ಗಾಲಿಯನ್ನೊಂದನ್ನೇ ನಂಬಿ ಪುಸ್ತಕವನ್ನು ಕೈಬಿಡುವುದು ವಿವೇಕವಲ್ಲ. ನವೀನ್ ಜಾನ್ ಇಂಜಿನಿಯರಿಂಗ್ ಓದುತ್ತಲೇ ಸವಾರಿ ಕಲಿತವರೆಂಬುದನ್ನು ನೆನೆಯಬೇಕು. ಓದು ಮತ್ತು ಸಾಧನೆ ಒಂದೇ ಸೈಕಲ್ಲಿನ ಎರಡು ಗಾಲಿಗಳು. ಹಿಂದಿನದು ನೂಕುತ್ತದೆ, ಮುಂದಿನದು ದಿಕ್ಕು ತೋರುತ್ತದೆ.

ಹನ್ನೆರಡರಿಂದ ಹದಿನೆಂಟರವರೆಗಿನ ವಯಸ್ಸು ಶಾಲೆಯ ಕೈಯಲ್ಲಿರುತ್ತದೆ. ದೂರದ ಹಳ್ಳಿಯಿಂದ ದಿನವೂ ಸೈಕಲ್ ತುಳಿದು ಬರುವ ಹುಡುಗನು ದಣಿಯದೆ ತರಗತಿಯಲ್ಲಿ ಕುಳಿತಿರುವುದನ್ನು ಮೊದಲು ಕಾಣುವವರು ಅಧ್ಯಾಪಕರೇ. ಅಂಥವನನ್ನು ಜಿಲ್ಲಾ ಸ್ಪರ್ಧೆಗೆ ಕಳುಹಿಸುವುದು, ಪಂದ್ಯದ ದಿನಗಳಿಗೆ ಹಾಜರಿಯಲ್ಲಿ ವಿನಾಯಿತಿ ಕೊಡುವುದು, ತಪ್ಪಿದ ಪಾಠವನ್ನು ಸಂಜೆ ಹೇಳಿಕೊಡುವುದು ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಪಂದ್ಯದ ಸೈಕಲ್ಲಿಗೆ ಹಣ ಬೇಕು. ಸಾಧಾರಣವಾದದ್ದಕ್ಕೂ ರೈತಕುಟುಂಬವೊಂದರ ಹಲವು ತಿಂಗಳ ದುಡಿಮೆ ಬೇಕಾಗುತ್ತದೆ. ಶಾಲೆಯ ಹೆಸರಿನಲ್ಲಿ ನಾಲ್ಕು ಸೈಕಲ್ಲುಗಳಿದ್ದು, ಒಬ್ಬನ ಬಳಿಕ ಒಬ್ಬನಿಗೆ ಅವು ದೊರೆಯುವಂತಾದರೆ, ದಾನಿಯೊಬ್ಬರ ಒಂದು ಕೊಡುಗೆ ಹತ್ತು ವರ್ಷ ಫಲ ಕೊಡುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ಇಂಜಿನಿಯರುಗಳಿದ್ದಾರೆ, ಮಂಗಳೂರಿನಂಥ ನಗರಗಳಲ್ಲಿ ನೆಲೆಸಿದವರಿದ್ದಾರೆ. ಪಂದ್ಯಕ್ಕೆಂದು ಬಂದ ಹುಡುಗನಿಗೆ ಎರಡು ದಿನದ ವಸತಿ, ಊಟ, ಒಂದು ವೈದ್ಯ ತಪಾಸಣೆ ಒದಗಿಸುವುದು ಅವರಿಗೆ ಭಾರವಾಗದು.

ಲಿಂಗಾಯತ ಮಠಗಳು ನೂರು ವರ್ಷಗಳಿಗೂ ಹಿಂದಿನಿಂದ ಉಚಿತ ಪ್ರಸಾದನಿಲಯಗಳನ್ನು ನಡೆಸುತ್ತ ಬಂದಿವೆ. ಬರಗಾಲದ ಹಳ್ಳಿಗಳಿಂದ ಬರಿಗಾಲಿನಲ್ಲಿ ಬಂದ ಮಕ್ಕಳು ಅಲ್ಲಿ ಉಂಡು, ಓದಿ, ನಾಡಿಗೆ ಬೇಕಾದವರಾದರು. ಅಂದು ಆ ಹುಡುಗರಲ್ಲಿ ಪಂಡಿತನು ಯಾರು, ನ್ಯಾಯಾಧೀಶನು ಯಾರು ಎಂದು ಕೇಳಿ ಯಾರೂ ಅನ್ನ ಬಡಿಸಲಿಲ್ಲ. ಬಂದವರೆಲ್ಲರಿಗೂ ಬಡಿಸಿದರು, ಕಾಲವೇ ಆರಿಸಿಕೊಂಡಿತು. ಏಗ್ಲ್ ನಗರದ ಕೇಂದ್ರವು ಎರಿಟ್ರಿಯಾದ ಬಡಗಿಯ ಮಗನಿಗೆ ಮಾಡಿದುದೂ ಇದನ್ನೇ. ಆದಕಾರಣ ತರುಣ ಸೈಕಲ್ ಪಟುವನ್ನು ಪೋಷಿಸಲು ಇಲ್ಲಿಯವರು ಹೊಸ ಧರ್ಮವನ್ನೇನೂ ಕಲಿಯಬೇಕಿಲ್ಲ. ಹಳೆಯ ಪಂಕ್ತಿಯಲ್ಲಿ ಒಂದು ಎಲೆಯನ್ನು ಹೆಚ್ಚಿಗೆ ಹಾಕಿದರೆ ಸಾಕು.